ತೂಕ ಜಾಸ್ತಿ ಇದೆ, ಮಕ್ಕಳ ಜೊತೆ ಬೆಟ್ಟ ಹತ್ತಬಹುದಾ?

ಪ್ರಶ್ನೆ: ಡಾಕ್ಟರೇ, ನನಗೆ 47 ವರ್ಷ. ಎತ್ತರ 160 ಸೆಂ.ಮೀ., ತೂಕ 86 ಕೆ.ಜಿ. ಹಲವು ವರ್ಷಗಳಿಂದ ಒಂದು ಗೈಡ್ ದಳಕ್ಕೆ ಸ್ವಯಂಸೇವಕ ನಾಯಕಿಯಾಗಿದ್ದೇನೆ. ಹಗಲು ಕೂತು ಮಾಡುವ ಕೆಲಸ, ವಾರದ ಕೊನೆ ಪೂರ್ತಿ ದಳಕ್ಕೆ. ಬಿಪಿಗೆ, ಥೈರಾಯ್ಡ್‌ಗೆ ಮಾತ್ರೆ ತಗೊಳ್ತೀನಿ. ಕಳೆದ ಚಾರಣದಲ್ಲಿ ಏರು ಹತ್ತುವಾಗ ಉಸಿರು ಸಾಕಾಗದೆ ತುಂಬಾ ಹಿಂದೆ ಉಳಿದೆ. ಅಷ್ಟರಲ್ಲಿ ಮುಂದಿದ್ದ ಹುಡುಗಿಯೊಬ್ಬಳ ಕಾಲು ಉಳುಕಿತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನನ್ನ ಬ್ಯಾಗಿನಲ್ಲಿತ್ತು. ನಾನು ಅವಳ ಹತ್ತಿರ ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಇಳಿಯುವಾಗ ಮೊಣಕಾಲು ನೋವು ಬೇರೆ. ವಾಪಸ್ ಬಂದಮೇಲೆ ಸಹನಾಯಕರೊಬ್ಬರು ಎಲ್ಲರೆದುರಿಗೆ, ‘ಮಕ್ಕಳಿಗೆ ಫಿಟ್‌ನೆಸ್ ಬ್ಯಾಡ್ಜ್ ಕೊಡೋರೇ ಹೀಗಿದ್ರೆ ಹೇಗೆ?’ ಅಂದರು. ಇನ್ನು ನಾಲ್ಕು ತಿಂಗಳಿಗೆ ನಾಲ್ಕು ದಿನಗಳ ಚಾರಣ ಇದೆ. ಅಷ್ಟರೊಳಗೆ 20 ಕೆ.ಜಿ. ಇಳಿಸಬೇಕು ಅಂತ ರಾತ್ರಿ ಊಟ ಬಿಟ್ಟಿದ್ದೇನೆ. ಇದು ಸರಿಯಾ? ಇಳಿಸೋಕೆ ಆಗದಿದ್ದರೆ ನಾಯಕತ್ವವನ್ನೇ ಬಿಡಬೇಕಾ?

ಉತ್ತರ: ನಾಯಕತ್ವ ಬಿಡಬೇಕಾಗಿಲ್ಲ. ರಾತ್ರಿ ಊಟವನ್ನು ಇವತ್ತಿನಿಂದಲೇ ಮತ್ತೆ ಶುರು ಮಾಡಿ. ಚಾರಣಕ್ಕೆ ಹೋಗಬೇಕೋ ಬೇಡವೋ ಅನ್ನುವುದನ್ನು ಈಗಲೇ ತೀರ್ಮಾನ ಮಾಡಬೇಡಿ, ಅದಕ್ಕೆ ಇನ್ನೂ ಸಮಯ ಇದೆ.

ನಿಮ್ಮ ಪತ್ರದಲ್ಲಿ ಎರಡು ನೋವು ಒಂದಕ್ಕೊಂದು ಅಂಟಿಕೊಂಡಿವೆ. ಒಂದು, ಆ ಮಾತು. ಇನ್ನೊಂದು, ಆ ಇಪ್ಪತ್ತು ನಿಮಿಷ. ಮೊದಲನೆಯದು ನಿಮ್ಮ ಮೈ ನೋಡಲು ಹೇಗಿದೆ ಅನ್ನುವುದರ ಬಗ್ಗೆ. ಎರಡನೆಯದು ನಿಮ್ಮ ಮೈಗೆ ಏನು ಮಾಡಲು ಆಗುತ್ತದೆ ಅನ್ನುವುದರ ಬಗ್ಗೆ. ಯುವ ಶಿಬಿರಗಳಿಗೆ ಹೋಗುವ ದೊಡ್ಡವರ ಆರೋಗ್ಯ ತಪಾಸಣೆ ಮಾಡುತ್ತಾ ಬಂದ ನಾನು ಎರಡನೆಯದನ್ನು ಮಾತ್ರ ಗಂಭೀರವಾಗಿ ತಗೊಳ್ಳುತ್ತೇನೆ. ಫಾರ್ಮಿಗೆ ಸಹಿ ಹಾಕುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಮಗುವಿಗೆ ಏನಾದರೂ ಆದರೆ ಇವರು ಬೇಗ ಅಲ್ಲಿಗೆ ಹೋಗಬಲ್ಲರಾ? ಇವರಿಗೇ ಏನಾದರೂ ಆದರೆ ಜೊತೆಗಿರುವವರು ಇವರನ್ನು ಹೊರಗೆ ತರಬಲ್ಲರಾ?

ಈ ಎರಡನೇ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ತೂಕದ ನಿಯಮಗಳು ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಕಾಡುದಾರಿಯಲ್ಲಿ ಒಬ್ಬ ವಯಸ್ಕರನ್ನು ಸ್ಟ್ರೆಚರ್ ಮೇಲೆ ಹೊತ್ತು ತರಲು ಒಂದು ಸಲಕ್ಕೆ ಆರು ಜನ ಬೇಕು. ಸ್ವಲ್ಪ ದೂರಕ್ಕೇ ಅವರು ಸುಸ್ತಾಗುತ್ತಾರೆ, ಭುಜ ಕೊಡಲು ಮತ್ತೆ ಆರು ಜನ ಬೇಕು. ಹದಿಮೂರು ಹದಿನಾಲ್ಕರ ಮಕ್ಕಳಿಂದ ಇದು ಆಗುವ ಕೆಲಸ ಅಲ್ಲ. ಅಮೆರಿಕದ ಸ್ಕೌಟ್ ಸಂಸ್ಥೆಯ ಆರೋಗ್ಯ ಫಾರ್ಮಿನಲ್ಲಿ ಎತ್ತರಕ್ಕೆ ತಕ್ಕ ಗರಿಷ್ಠ ತೂಕದ ಪಟ್ಟಿಯೇ ಇದೆ. ಆಂಬುಲೆನ್ಸ್ ಬರಬಲ್ಲ ರಸ್ತೆಯಿಂದ 30 ನಿಮಿಷಕ್ಕಿಂತ ದೂರ ಕರೆದೊಯ್ಯುವ ಸಾಹಸ ಕಾರ್ಯಕ್ರಮಗಳ ವಿಷಯಕ್ಕೆ ಬಂದಾಗ ಆ ಪಟ್ಟಿ ಮೀರಿದವರನ್ನು ತಡೆಯಬಹುದು. ವಾರದ ಸಭೆಗೋ ಮೈದಾನದ ಆಟಕ್ಕೋ ಈ ಲೆಕ್ಕ ಇಲ್ಲ. ಅಂದರೆ ಅಲ್ಲಿ ಅಳೆಯುವುದು ನಾಯಕರ ಯೋಗ್ಯತೆಯನ್ನಲ್ಲ, ಸಹಾಯ ಎಷ್ಟು ದೂರ ಇದೆ ಅನ್ನುವುದನ್ನು. ನಿಮ್ಮ ಸಂಸ್ಥೆಯ ನಿಯಮ ಏನಿದೆ ನೋಡಿಕೊಳ್ಳಿ.

ತೂಕ ಬೇರೆ, ಕಸುವು ಬೇರೆ

ಲಂಡನ್ನಿನ ಡಬಲ್ ಡೆಕರ್ ಬಸ್ಸಿನ ನೌಕರರ ಮೇಲೆ ಜೆರೆಮಿ ಮಾರಿಸ್ ಎಂಬ ವೈದ್ಯರು ನಡೆಸಿದ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ದಿನವಿಡೀ ಕೂತಿರುವ ಡ್ರೈವರುಗಳಿಗೆ ಹೋಲಿಸಿದರೆ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಇತ್ತು. ಡ್ರೈವರುಗಳು ದಪ್ಪ ಇದ್ದದ್ದೇ ಕಾರಣ ಇರಬಹುದಲ್ವಾ ಅನ್ನುವ ಅನುಮಾನ ಬಂತು. ಮಾರಿಸ್ ಸಮವಸ್ತ್ರದ ಪ್ಯಾಂಟಿನ ಸೊಂಟದ ಅಳತೆಗಳನ್ನೇ ತೆಗೆಸಿ ನೋಡಿದರು. ಡ್ರೈವರುಗಳ ಸೊಂಟ ದೊಡ್ಡದಿದ್ದದ್ದು ನಿಜ. ಆದರೆ ಸೊಂಟ ದೊಡ್ಡದಿದ್ದ ಕಂಡಕ್ಟರುಗಳಿಗೂ ಓಡಾಟದ ಲಾಭ ಸಿಕ್ಕಿತ್ತು. 1999ರಲ್ಲಿ ಸ್ಟೀವನ್ ಬ್ಲೇರ್ ಮತ್ತವರ ಜೊತೆಗಾರರು ಅಮೆರಿಕದ ಡಲ್ಲಾಸ್‌ನಲ್ಲಿ ಟ್ರೆಡ್‌ಮಿಲ್ ಪರೀಕ್ಷೆಗಳನ್ನು ಆಧರಿಸಿ ಇದೇ ಥರದ ಫಲಿತಾಂಶ ಕೊಟ್ಟರು: ಕಸುವಿರುವ ದಪ್ಪ ಗಂಡಸರಿಗಿಂತ ಕಸುವಿಲ್ಲದ ತೆಳ್ಳಗಿನ ಗಂಡಸರಲ್ಲೇ ಸಾವಿನ ಅಪಾಯ ಜಾಸ್ತಿ ಇತ್ತು.

ಇದರರ್ಥ ತೂಕಕ್ಕೆ ಲೆಕ್ಕವೇ ಇಲ್ಲ ಅಂತಲ್ಲ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 33.6. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 30 ದಾಟಿದರೆ ಬೊಜ್ಜು. ಬಿಎಂಐಗೆ ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಗೊತ್ತಾಗುವುದಿಲ್ಲ ನಿಜ, ಆದರೆ ಕೂತು ಕೆಲಸ ಮಾಡುವವರ ವಿಷಯದಲ್ಲಿ ಅದು ದೊಡ್ಡ ತಪ್ಪನ್ನೇನೂ ಮಾಡುವುದಿಲ್ಲ. ಒಂದು ಟೇಪ್ ತಗೊಂಡು ಹೊಟ್ಟೆಯ ಸುತ್ತಳತೆಯನ್ನೂ ನೋಡಿ. ಅದು ಎತ್ತರದ ಅರ್ಧಕ್ಕಿಂತ, ಅಂದರೆ ನಿಮ್ಮ ಲೆಕ್ಕದಲ್ಲಿ 80 ಸೆಂ.ಮೀ.ಗಿಂತ ಕಡಿಮೆ ಇರಬೇಕು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಗಳಿಗೆ ಹೆಚ್ಚು ಹತ್ತಿರದ ನಂಟು ಹೊಟ್ಟೆಯೊಳಗಿನ ಕೊಬ್ಬಿಗೇ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ ಸೊಂಟ ತೊಡೆಯ ಕಡೆ ಇರುತ್ತಿದ್ದ ಕೊಬ್ಬು ಹೊಟ್ಟೆಯ ಕಡೆಗೆ ಸೇರತೊಡಗುತ್ತದೆ. ಇದು ನಿಮ್ಮ ಸೋಮಾರಿತನ ಅಲ್ಲ.

ಥೈರಾಯ್ಡ್ ಬಗ್ಗೆ ಒಂದು ಮಾತು. ಇಡೀ ತೂಕವನ್ನು ಅದರ ತಲೆಗೆ ಕಟ್ಟುವವರು ಬಹಳ ಜನ. ಥೈರಾಯ್ಡ್ ಕಮ್ಮಿಯಾದರೆ ಸಾಮಾನ್ಯವಾಗಿ ಏರುವುದು ಎರಡರಿಂದ ನಾಲ್ಕೂವರೆ ಕೆ.ಜಿ. ಮಾತ್ರ. ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪಿನಂಶ. ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ ಟಿಎಸ್‌ಎಚ್. ಅದು ಸರಿಯಾದ ಮಟ್ಟದಲ್ಲಿದ್ದರೆ ಈಗಿನ ತೂಕಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಆ ಏದುಸಿರು ಎಲ್ಲಿಂದ ಬಂತು?

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಗಲಿದ್ದು ‘ಉಸಿರು ಸಾಕಾಗದೆ’ ಅನ್ನುವ ಮಾತು. ದಪ್ಪ ಇರುವವರು ಏದುಸಿರು ಬಿಟ್ಟರೆ ಎಲ್ಲರೂ, ಕೆಲವು ಸಲ ವೈದ್ಯರೂ, ತೂಕಕ್ಕೇ ಬೊಟ್ಟು ಮಾಡಿ ಸುಮ್ಮನಾಗುತ್ತಾರೆ. ಸುಮ್ಮನಾಗಬಾರದು.

ನಲವತ್ತೈದು ದಾಟಿದ ಹೆಂಗಸರಲ್ಲಿ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಸ್ರಾವ ಜಾಸ್ತಿಯಾಗುವುದು ಸಾಮಾನ್ಯ. ತಿಂಗಳು ತಿಂಗಳೂ ಸ್ವಲ್ಪ ಸ್ವಲ್ಪ ಕಬ್ಬಿಣಾಂಶ ಹೋಗುತ್ತದೆ. ದೇಹ ನಿಧಾನವಾಗಿ ಹೊಂದಿಕೊಳ್ಳುವುದರಿಂದ ಸಮತಟ್ಟಾದ ಜಾಗದಲ್ಲಿ ಗೊತ್ತಾಗುವುದೇ ಇಲ್ಲ. ಏರು ಬಂದಾಗ ಮಾತ್ರ ಎದೆ ಡವಗುಟ್ಟುತ್ತದೆ, ಕಾಲು ಸೋಲುತ್ತದೆ. ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಹೀಗಿದ್ದಾಗ ಎಷ್ಟು ಡಯಟ್ ಮಾಡಿದರೂ ಬೆಟ್ಟ ಹಗುರ ಆಗುವುದಿಲ್ಲ. ಊಟ ಬಿಟ್ಟರಂತೂ ಇನ್ನೂ ಹದಗೆಡುತ್ತದೆ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಒಂದು ಎಚ್ಚರ: ಅದನ್ನೂ ಥೈರಾಯ್ಡ್ ಮಾತ್ರೆಯನ್ನೂ ಒಟ್ಟಿಗೆ ನುಂಗಬೇಡಿ, ಕನಿಷ್ಠ ನಾಲ್ಕು ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಇನ್ನು ಹೃದಯ. ಏರು ಹತ್ತುವಾಗ ಎದೆಯಲ್ಲಿ ಹಿಂಡಿದಂತೆ, ಭಾರ ಇಟ್ಟಂತೆ ಆಗುತ್ತದಾ? ದವಡೆ ಅಥವಾ ಎಡಗೈಗೆ ನೋವು ಹರಿಯುತ್ತದಾ? ತಲೆ ಸುತ್ತಿ ಕಣ್ಣು ಕತ್ತಲಿಟ್ಟಿದೆಯಾ? ರಾತ್ರಿ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ವ್ಯಾಯಾಮ ಶುರು ಮಾಡುವ ಮುಂಚೆ ವೈದ್ಯರನ್ನು ನೋಡಲೇಬೇಕು. ಸುಮ್ನೆ ಮಲಗಿಸಿ ತೆಗೆದ ಇಸಿಜಿ ಸರಿ ಇದೆ ಅಂದಮಾತ್ರಕ್ಕೆ ಬೆಟ್ಟಕ್ಕೆ ಪರವಾನಗಿ ಸಿಕ್ಕಂತಲ್ಲ. ಅದು ಹೇಳುವುದು ವಿಶ್ರಾಂತಿಯಲ್ಲಿರುವ ಹೃದಯದ ವಿಷಯ. ಬಿಪಿಯೂ ಬೊಜ್ಜೂ ಎರಡೂ ಇರುವುದರಿಂದ ನಿಮಗೆ ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ನಿಮ್ಮ ವೈದ್ಯರನ್ನೇ ನೇರವಾಗಿ ಕೇಳಿ. ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುತ್ತೀರಾದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಬಿಪಿಯನ್ನೂ ಏರಿಸುತ್ತದೆ, ಮರುದಿನದ ಶಕ್ತಿಯನ್ನೂ ಹೀರುತ್ತದೆ.

‘ಚಾರಣವೇ ವ್ಯಾಯಾಮ, ಹೋದರೆ ತಾನಾಗೇ ಫಿಟ್ ಆಗ್ತೀವಿ’ ಅನ್ನುವ ನಂಬಿಕೆ ದಳದ ನಾಯಕರಲ್ಲಿ ಬಹಳ ಇದೆ. ನನ್ನನ್ನು ಎಲ್ಲಕ್ಕಿಂತ ಹೆದರಿಸುವುದು ಇದೇ. ವರ್ಷವಿಡೀ ಕೂತಿದ್ದು ಒಂದು ದಿನ ಇದ್ದಕ್ಕಿದ್ದಂತೆ ಮೈಮುರಿದು ದುಡಿದಾಗ ಹೃದಯಾಘಾತದ ಅಪಾಯ ಆ ಹೊತ್ತಿಗೆ ಏರುತ್ತದೆ. 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ವ್ಯಾಯಾಮದ ರೂಢಿಯೇ ಇಲ್ಲದವರಲ್ಲಿ ಈ ಏರಿಕೆ ನೂರು ಪಟ್ಟಿಗೂ ಹೆಚ್ಚಿತ್ತು. ವಾರಕ್ಕೆ ಐದು ಸಲ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಎರಡೂವರೆ ಪಟ್ಟೂ ಇರಲಿಲ್ಲ. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತ ಆಗುವ ಸಾಧ್ಯತೆಯೇ ತೀರಾ ಚಿಕ್ಕದು, ಹಾಗಾಗಿ ಗಾಬರಿ ಬೇಡ. ಆದರೆ ತಯಾರಿಯಿಲ್ಲದೆ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಹೋಗುವುದು ಬೇಡವೇ ಬೇಡ.

ಇಪ್ಪತ್ತು ಕೆ.ಜಿ. ಲೆಕ್ಕ ಬಿಡಿ

ಯಾಕೆ ಅಂತ ಒಂದು ಸಲ ಕೂಡಿ ಕಳೆದು ನೋಡೋಣ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆ ಬೇಕು. ನಾಲ್ಕು ತಿಂಗಳಲ್ಲಿ 20 ಕೆ.ಜಿ. ಅಂದರೆ ದಿನಕ್ಕೆ ಹತ್ತಿರ ಹತ್ತಿರ 1,300 ಕ್ಯಾಲರಿ. ನಿಮ್ಮ ಮೈಕಟ್ಟಿನ, ಕೂತು ಕೆಲಸ ಮಾಡುವ ಮಹಿಳೆಗೆ ಇಡೀ ದಿನ ಖರ್ಚಾಗುವುದೇ 1,900ರ ಆಸುಪಾಸು. ಉಳಿದ 600ರಲ್ಲಿ ಕೆಲಸವನ್ನೂ ಮಾಡಿ, ದಳವನ್ನೂ ನೋಡಿಕೊಂಡು, ಬೆಟ್ಟಕ್ಕೂ ತಯಾರಾಗಲು ಆಗುತ್ತದಾ? ಆಗುವುದಿಲ್ಲ. ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಸುಡುತ್ತದೆ. ಏರು ಹತ್ತಿಸಬೇಕಾದ ತೊಡೆಯೇ ಸೊರಗುತ್ತದೆ. ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆಯೂ ಹೆಚ್ಚುತ್ತದೆ. ಕಷ್ಟಪಟ್ಟು ಇಳಿಸಿದ್ದು ಚಾರಣ ಮುಗಿದ ಕೆಲವೇ ತಿಂಗಳಲ್ಲಿ ವಾಪಸ್ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ನಾಲ್ಕು ತಿಂಗಳಿಗೆ ಐದಾರು ಕೆ.ಜಿ. ಗುರಿ ಇಟ್ಟುಕೊಳ್ಳಿ. ಇಷ್ಟೇನಾ ಅನ್ನಬೇಡಿ. ಮೊಣಕಾಲು ಸವೆತ ಇರುವವರ ಮೇಲೆ ನಡೆದ ಅಧ್ಯಯನದ ಪ್ರಕಾರ, ಇಳಿದ ಒಂದೊಂದು ಕೆ.ಜಿ.ಗೂ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲೆ ಬೀಳುವ ಭಾರ ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ. ಐದು ಕೆ.ಜಿ. ಇಳಿದರೆ ಹೆಜ್ಜೆಗೆ ಇಪ್ಪತ್ತು ಕೆ.ಜಿ. ಬಿಪಿಯೂ ಸ್ವಲ್ಪ ತಗ್ಗುತ್ತದೆ, ಆಗ ಮಾತ್ರೆಯ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕಾಗಬಹುದು.

ಮೂರು ಹೊತ್ತೂ ಊಟ ಮಾಡಿ. ಪ್ರತಿ ಹೊತ್ತಿನಲ್ಲೂ ಪ್ರೊಟೀನ್ ಇರಲಿ, ತರಕಾರಿ ಜಾಸ್ತಿಯಾಗಲಿ, ಸಿಹಿ ಪಾನೀಯ ಮತ್ತು ಕರಿದದ್ದು ಕಮ್ಮಿಯಾಗಲಿ. ಊಟದ ಬಗ್ಗೆ ಇದಕ್ಕಿಂತ ಹೊಸದೇನೂ ನಾನು ಹೇಳಬೇಕಾಗಿಲ್ಲ. ಆದರೆ ನಾಯಕರಿಗೇ ಅಂಟಿದ ಒಂದು ಅಭ್ಯಾಸ ಇದೆ. ಶಿಬಿರದಲ್ಲಿ ಮಕ್ಕಳು ಮಲಗಿದ ಮೇಲೆ ದೊಡ್ಡವರೆಲ್ಲ ಸುತ್ತ ಕೂತು ಮರುದಿನದ ಯೋಜನೆ ಮಾತಾಡುತ್ತಾ, ಉಳಿದ ತಿಂಡಿಯನ್ನೆಲ್ಲ ಖಾಲಿ ಮಾಡುವುದು. ಹಗಲು ಮಕ್ಕಳು ಓಡುತ್ತಿದ್ದರೆ ನಾವು ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಿರುತ್ತೇವೆ. ರಾತ್ರಿ ನಿದ್ದೆ ಕೆಟ್ಟರೆ ಮರುದಿನ ಹಸಿವು ಇನ್ನೂ ಜಾಸ್ತಿ. ಶಿಬಿರದಿಂದ ಬಂದವರು ಮಕ್ಕಳಷ್ಟೇ ಓಡಾಡಿದ್ದೇವೆ ಅಂದುಕೊಂಡಿರುತ್ತಾರೆ, ತೂಕದ ಯಂತ್ರ ಬೇರೆಯೇ ಹೇಳುತ್ತದೆ.

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವು ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದಾದ ಸೆಮಾಗ್ಲುಟೈಡ್‌ನ ದೊಡ್ಡ ಪರೀಕ್ಷೆಯಲ್ಲಿ 68 ವಾರಗಳಲ್ಲಿ ಸರಾಸರಿ 15 ಶೇಕಡಾದಷ್ಟು ತೂಕ ಇಳಿದಿತ್ತು. ಆದರೆ ಶುರುವಿನ ತಿಂಗಳುಗಳಲ್ಲಿ ಓಕರಿಕೆ, ವಾಂತಿ, ಭೇದಿ ಸಾಮಾನ್ಯ. ಚಾರಣದಲ್ಲಿ ನೀರು ಕುಡಿಯಲಾಗದೆ ಹೋದರೆ ಕಷ್ಟ. ನಿಲ್ಲಿಸಿದರೆ ತೂಕದ ಬಹುಪಾಲು ಮರಳುತ್ತದೆ. ನಿಮ್ಮ ಒಟ್ಟು ಆರೋಗ್ಯಕ್ಕೆ ಬೇಕು ಅಂತ ವೈದ್ಯರಿಗೆ ಅನಿಸಿದರೆ ಖಂಡಿತ ಯೋಚಿಸಿ. ಈ ಒಂದು ಚಾರಣಕ್ಕೋಸ್ಕರ ಬೇಡ.

ಏನು ಅಭ್ಯಾಸ ಮಾಡಬೇಕು

ತಪಾಸಣೆಯಲ್ಲಿ ತೊಂದರೆ ಇಲ್ಲ ಅಂತಾದ ಮೇಲೆ ನಡಿಗೆಯಿಂದ ಶುರು ಮಾಡಿ. ವಾರಕ್ಕೆ ಐದು ದಿನ ಇಪ್ಪತ್ತು ನಿಮಿಷ, ಒಂದೂವರೆ ತಿಂಗಳಲ್ಲಿ ನಲವತ್ತು ನಿಮಿಷಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಅನ್ನುತ್ತದೆ, ಅದರೊಳಗೆ ಬರುತ್ತೀರಿ. ವೇಗ ಎಷ್ಟಿರಬೇಕು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಕೈಗಡಿಯಾರದ ನಾಡಿ ಬಡಿತವನ್ನು ನಂಬಿ ಹೋಗಬೇಡಿ. ಕೆಲವು ಬಿಪಿ ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ, ಮೈ ಎಷ್ಟು ದಣಿದರೂ ಅಂಕಿ ಏರುವುದಿಲ್ಲ.

ಇಳಿಜಾರಿನಲ್ಲಿ ಮೊಣಕಾಲು ನೋಯುತ್ತದೆ ಅಂದಿರಿ. ಏರುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ತೊಡೆಯ ಮುಂಭಾಗದ ಸ್ನಾಯು. ಅದು ಪ್ರತಿ ಹೆಜ್ಜೆಗೂ ಬ್ರೇಕ್ ಹಿಡಿಯಬೇಕು. ಬಲ ಇಲ್ಲದಿದ್ದರೆ ಪೆಟ್ಟೆಲ್ಲ ಕೀಲಿಗೆ. ಇದಕ್ಕೆ ಮೆಟ್ಟಿಲೇ ಸಾಕು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲ ಮೇಲೆ ನಿಂತು ಗೋಡೆಗೆ ಬೆರಳು ತಾಗಿಸಿಕೊಳ್ಳಿ. ಒಂದು ಕಾಲು ಮೆಟ್ಟಿಲ ಮೇಲೇ ಇರಲಿ. ಮೂರು ಎಣಿಸುತ್ತಾ ಆ ಮೊಣಕಾಲನ್ನು ಮಡಿಸಿ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ನೆಲಕ್ಕೆ ಸುಮ್ಮನೆ ತಾಗಿಸಿ. ಅದರ ಮೇಲೆ ಭಾರ ಬಿಡಬೇಡಿ. ಮತ್ತೆ ಮೇಲಕ್ಕೆ ಬನ್ನಿ. ಮಡಿಸಿದ ಮೊಣಕಾಲು ಒಳಕ್ಕೆ ವಾಲದೆ ಪಾದದ ಬೆರಳುಗಳ ನೇರಕ್ಕೇ ಇರಬೇಕು. ಕಾಲಿಗೆ ಎಂಟು ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ. ಸ್ವಲ್ಪ ತೊಡೆ ನೋವು ಬರಲಿ, ಪರವಾಗಿಲ್ಲ. ಕೀಲು ಊದಿಕೊಂಡರೆ ಅಥವಾ ಸಿಕ್ಕಿಕೊಂಡಂತೆ ಆದರೆ ನಿಲ್ಲಿಸಿ ತೋರಿಸಿ. ಚಾರಣದಲ್ಲಿ ಎರಡು ಕೋಲು ಹಿಡಿಯಿರಿ, ಇಳಿಯುವಾಗ ನಿಜಕ್ಕೂ ಮೊಣಕಾಲಿನ ಭಾರ ಕಮ್ಮಿಯಾಗುತ್ತದೆ.

ಎರಡನೇ ತಿಂಗಳಿಂದ ಬೆನ್ನಿಗೆ ಬ್ಯಾಗ್ ಏರಲಿ. ಮೊದಲು ಮೂರು ಕೆ.ಜಿ., ಆಮೇಲೆ ನಿಧಾನವಾಗಿ ಜಾಸ್ತಿ. ಮೈತೂಕದ ಐದನೇ ಒಂದು ಭಾಗ ಹೊರಬಹುದು ಅನ್ನುವ ಲೆಕ್ಕ ನಿಮಗೆ ಬೇಡ. ಆ ಲೆಕ್ಕ ಹಿಡಿದರೆ ತೂಕ ಜಾಸ್ತಿ ಇದ್ದವರು ಜಾಸ್ತಿ ಹೊರಬೇಕಾಗುತ್ತದೆ, ಅವರ ಮೊಣಕಾಲು ಆಗಲೇ ಹೊರುತ್ತಿದೆ. ಮೂರನೇ ತಿಂಗಳಲ್ಲಿ ಒಂದು ಸಲ ಎರಡು ದಿನ ಬೆನ್ನುಬೆನ್ನಿಗೆ ನಡೆಯಿರಿ. ಮೊದಲ ದಿನದ ದಣಿವಿನ ಮೇಲೆ ಎರಡನೇ ಬೆಳಗ್ಗೆ ಏಳುವುದು ಹೇಗಿರುತ್ತದೆ ಅನ್ನುವುದೇ ನಿಜವಾದ ಪರೀಕ್ಷೆ.

ಹೋಗುವುದಾ, ಬಿಡುವುದಾ?

ಚಾರಣಕ್ಕೆ ಮೂರು ವಾರ ಮುಂಚೆ ತೀರ್ಮಾನದ ದಿನ ಇಟ್ಟುಕೊಳ್ಳಿ. 1892ರಿಂದ ಬೆಟ್ಟ ಹತ್ತುವವರು ಬಳಸುತ್ತಿರುವ ನೈಸ್ಮಿತ್ ಲೆಕ್ಕ ಇದೆ: 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಚಾರಣದ ಬ್ಯಾಗ್ ಹಾಕಿಕೊಂಡು 5 ಕಿ.ಮೀ. ದೂರ, 300 ಮೀಟರ್ ಏರು ಇರುವ ದಾರಿ ಹತ್ತಿ. ಲೆಕ್ಕದ ಪ್ರಕಾರ ಒಂದೂವರೆ ಗಂಟೆ. ಎರಡು ಗಂಟೆಯೊಳಗೆ ತಲುಪಿ, ಹತ್ತು ನಿಮಿಷ ಕೂತ ಮೇಲೆ ಸಲೀಸಾಗಿ ಮಾತಾಡಿ ಬ್ಯಾಂಡೇಜ್ ಕಟ್ಟುವಷ್ಟು ಚೇತರಿಸಿಕೊಂಡರೆ ನಾನು ಹೋಗಿ ಅನ್ನುತ್ತೇನೆ. ಆಗಲೂ ದಳದ ನಡುವೆ ಇರಿ, ತೀರಾ ಹಿಂದೆ ಬೇಡ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎರಡು ಇರಲಿ, ಒಂದು ಮುಂದೆ ಒಂದು ಹಿಂದೆ. ಕಳೆದ ಸಲ ಆ ಇಪ್ಪತ್ತು ನಿಮಿಷ ಆಗಿದ್ದಕ್ಕೆ ಪೆಟ್ಟಿಗೆ ಒಂದೇ ಇದ್ದದ್ದೂ ಕಾರಣ ಅಲ್ವಾ?

ಎರಡು ಗಂಟೆ ಮೀರಿದರೆ ರಸ್ತೆ ಇರುವ ಕಡೆಯ ಜವಾಬ್ದಾರಿ ತಗೊಳ್ಳಿ. ದಿನದ ಕೊನೆಯ ತಂಗುದಾಣಕ್ಕೆ ವಾಹನದಲ್ಲಿ ಹೋಗುವುದು, ಸಾಮಾನು ಮುಟ್ಟಿಸುವುದು, ತುರ್ತು ಕರೆ ಬಂದರೆ ಸಹಾಯ ಕಳಿಸುವುದು. ಅದು ಎರಡನೇ ದರ್ಜೆಯ ಕೆಲಸ ಅಲ್ಲ, ಅನುಭವಿಗಳೇ ಮಾಡಬೇಕಾದದ್ದು. ಇದರಲ್ಲಿರುವ ತೊಂದರೆ ಒಂದೇ: ನಿಮ್ಮ ಬದಲಿಗೆ ನಡೆಯುವ ಇನ್ನೊಬ್ಬ ದೊಡ್ಡವರು ಬೇಕು. ಕೊನೆ ಗಳಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಈಗಲೇ ಒಬ್ಬರನ್ನು ಕೇಳಿಟ್ಟುಕೊಳ್ಳಿ, ಅವರೂ ನಿಮ್ಮ ಜೊತೆಯೇ ತಯಾರಿ ನಡೆಸಲಿ. ಎಲ್ಲಕ್ಕಿಂತ ಅಪಾಯದ ದಾರಿ ಅಂದರೆ, ಯಾರಿಗೂ ಹೇಳದೆ ಹಲ್ಲು ಕಚ್ಚಿ ಹೊರಡುವುದು. ಆರೋಗ್ಯದ ಫಾರ್ಮಿನಲ್ಲಿ ಹಳೇ ತೂಕ ಬರೆಯುವವರು, ಮಾತ್ರೆಗಳನ್ನು ಮರೆಮಾಚುವವರು ಇದ್ದಾರೆ. ಕಾಡಿನಲ್ಲಿ ಎಚ್ಚರ ತಪ್ಪಿದಾಗ ಆ ಹಾಳೆಯೇ ನಿಮ್ಮ ಪರವಾಗಿ ಮಾತಾಡಬೇಕು. ಇದ್ದದ್ದು ಇದ್ದಹಾಗೆ ಬರೆಯಿರಿ.

ಆ ಸಹನಾಯಕರಿಗೆ ಏನು ಹೇಳಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸುರಕ್ಷತೆಯ ಮಾತಾಗಿದ್ದರೆ ಅದನ್ನು ಪಕ್ಕಕ್ಕೆ ಕರೆದು ಹೇಳಬೇಕಿತ್ತು. ಎಲ್ಲರೆದುರಿಗೆ ಅಂದದ್ದು ತಪ್ಪು. ಹದಿಹರೆಯದ ಹುಡುಗಿಯರು ದೊಡ್ಡವರ ಮೈ ಬಗ್ಗೆ ದೊಡ್ಡವರೇ ಆಡುವ ಮಾತನ್ನು ಕೇಳಿಸಿಕೊಂಡು ತಮ್ಮ ಮೈಯನ್ನು ಅಳೆದುಕೊಳ್ಳುತ್ತಾರೆ. ಊಟ ಬಿಡುವ, ಗುಟ್ಟಾಗಿ ವಾಂತಿ ಮಾಡುವ ಮಕ್ಕಳನ್ನು ಚಿಕಿತ್ಸೆಗೆ ಕರೆತಂದಾಗ, ಹಿಂದೆ ಹೋಗಿ ನೋಡಿದರೆ ಇಂಥ ಒಂದು ಮಾತು ಸಿಗುವುದುಂಟು. ಅದಕ್ಕೇ ಅವರೆದುರಿಗೆ ನಿಮ್ಮ ಹೊಟ್ಟೆಯನ್ನು ನೀವೇ ಆಡಿಕೊಳ್ಳುವುದೂ ಬೇಡ, ‘ನಾನು ರಾತ್ರಿ ಊಟ ಮಾಡಲ್ಲ’ ಅನ್ನುವುದೂ ಬೇಡ. ‘ಚಾರಣಕ್ಕೆ ತಯಾರಾಗ್ತಿದ್ದೀನಿ, ಭಾನುವಾರ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ನಡೀತೀನಿ, ಬರ್ತೀರಾ?’ ಅನ್ನಿ. ಅವರಿಗೂ ತಯಾರಿ ಬೇಕಲ್ಲ.

ರಕ್ತ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯೊಳಗಿನ ಕಬ್ಬಿಣದ ದಾಸ್ತಾನಿನ ಅಳತೆ), ಟಿಎಸ್‌ಎಚ್, ಸಕ್ಕರೆ ನಾಲ್ಕನ್ನೂ. ಹಿಮೋಗ್ಲೋಬಿನ್ ಕಮ್ಮಿ ಇದ್ದರೆ ಮಾತ್ರೆ ಶುರುವಾಗಿ ಅದು ಸರಿಹೋಗಲು ವಾರಗಳು ಹಿಡಿಯುತ್ತವೆ, ಒಳಗಿನ ಕಬ್ಬಿಣದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಬೇಕು. ಮುಂದಿನ ತಿಂಗಳು ನೋಡಿದರಾಯಿತು ಅಂದರೆ ಚಾರಣದ ಹೊತ್ತಿಗೆ ಆಗುವುದಿಲ್ಲ.